ಕೊಡಲಿಗೆ ಭಾವನ ಚಿಕಿತ್ಸೆ

ಜೀವಮಾನದಲ್ಲಿ ತಪ್ಪೇ ಮಾಡದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ! ಹಾಗಂತ ಅವರೇ ಹೇಳಿದ್ದಾರೆ, ಮತ್ತೆ ಬೇರೆ ಸಾಕ್ಷಿ ಯಾಕೆ?

ಮನೆ ಪಾಲಾದ ದಿನ ಅವರ ಅಪ್ಪನ ಕೊಡಲಿ ಕಾಣಲಿಲ್ಲ. "ತಮ್ಮನೇ ಕದ್ದದ್ದು" ಎಂದು ಭಾವ ಊರಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು. ತಮ್ಮ ಮಿಜಾರಿಗೆ ಹೋಗಿ ಮನೆ ಮಾಡಿದ. ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ. ಕೊನೆಗೊಂದು ದಿನ ಭಾವನ ಪಾಲಿಗೆ ಬಂದ ಗುರುವಾಯನಕೆರೆಯ ಮನೆಯ ಅಟ್ಟದಲ್ಲಿ ಅಕ್ಕ ಹಳೆ ಗೋಣಿ ಕೊಡವಿದಾಗ ಠಣ್ ಎಂದು ಬಿದ್ದದ್ದು ಅದೇ ಕೊಡಲಿ! ಮರದ ಹಿಡಿಯನ್ನು, ಅಂದರೆ ಕಾವನ್ನು, ಗೆದ್ದಲು ಮುಗಿಸಿತ್ತು, ಉಳಿದದ್ದನ್ನು ತುಕ್ಕು ತಿನ್ನುತ್ತಿತ್ತು.

"ಇನ್ನೆಂತ? ಮಿಜಾರಿಗೆ ಹೋಗಿ ತಪ್ಪಾಯ್ತು ಅನ್ನಿ" ಎಂದಳು ಅಕ್ಕ.

"ತುಕ್ಕು ಹಿಡಿದದ್ದನ್ನು ಕೊಡುದಾ? ನಮಗೆ ಮರ್ಯಾದೆ ಬೇಡವಾ? ಮೊದಲು ಸರಿ ಮಾಡ್ತೇನೆ."

ಶುರುವಾಯಿತು ಚಿಕಿತ್ಸೆ! ಅಕ್ಕನ ಉಪ್ಪಿನಕಾಯಿ ಭರಣಿಗೆ ಬಿಂಬುಳಿ ಕಾಯಿಯ ಹುಳಿ ಹಿಂಡಿ ಕೊಡಲಿಯನ್ನು ಮುಳುಗಿಸಿದರು. ಹತ್ತು ದಿನದಲ್ಲಿ ಕೊಡಲಿ ಬೆಳ್ಳಗಾಯಿತು, ಅಕ್ಕನ ಮುಖ ಕಪ್ಪಾಯಿತು. ಆಮೇಲೆ ಮಸೆಯುವ ಕೆಲಸ. ಮುಂಗೈ ಕೂದಲು ಬೋಳಿಸಿ ಹರಿತ ನೋಡುತ್ತಿದ್ದರು. ಎರಡೂ ಕೈ ಬೋಳಾದರೂ ತೃಪ್ತಿಯಿಲ್ಲ. ಕಾವಿಗೆಂದು ನಾನು ತಂದ ಐದು ಕೊಂಬೆಗಳಲ್ಲಿ ಒಂದು ಭಾರ, ಒಂದು ಹಗುರ, ಒಂದು ಸೊಟ್ಟ. ಉಳಿದೆರಡರಲ್ಲಿ ತಪ್ಪೇ ಸಿಗದಿದ್ದದ್ದು ಅವರಿಗೆ ಬಹಳ ಬೇಸರ ತಂದಿತು.

"ಭಾವಾ, ಮಳೆಗಾಲವೇ ಮುಗಿಯಿತು. ಇನ್ನೆಂತ ಬಾಕಿ ಉಂಟು?"

"ಕಾವಿಗೆ ಎಣ್ಣೆ ಹಿಡೀಬೇಕು ಮಾರಾಯ!"

ಅಕ್ಕ ಒಳಗಿನಿಂದಲೇ ಹೇಳಿದಳು: "ಎಣ್ಣೆ ಬೇಕಾದ್ದು ನಿಮ್ಮ ನಾಲಗೆಗೆ. ನಿಮ್ಮ ತಮ್ಮನಿಗೂ ತಲೆ ನರೆಯಿತು. ಹೊರಡಿ!"

ಆಗ ಇದ್ದದ್ದು ದಿನಕ್ಕೆರಡು ಬಸ್ಸು. ಗೋಣಿಯಿಂದ ಇಣುಕುವ ಕೊಡಲಿ ಕಂಡು ಕಂಡಕ್ಟರ್, "ಎಲ್ಲಿಗೆ ಇದು?" ಎಂದ.

"ತಮ್ಮನ ಮನೆಗೆ" ಎಂದರು ಭಾವ ಗಂಭೀರವಾಗಿ. ಮೂಡಬಿದ್ರಿಯವರೆಗೆ ನಮ್ಮ ಪಕ್ಕ ಯಾರೂ ಕೂರಲಿಲ್ಲ!

ಮಿಜಾರಿನಲ್ಲಿ ತಮ್ಮ ಅಂಗಳದಲ್ಲಿ ಸೌದೆ ಪೇರಿಸುತ್ತಿದ್ದ. ಭಾವ ಎರಡೂ ಕೈಯಲ್ಲಿ ಕೊಡಲಿ ಚಾಚಿದರು.

"ನಮ್ಮ ಅಟ್ಟದಲ್ಲೇ ಇತ್ತು. ನಿನ್ನನ್ನು ಕಳ್ಳ ಅಂದೆ. ತಪ್ಪಾಯ್ತು ತಮ್ಮಾ."

"ನನಗೆ ಗೊತ್ತುಂಟು ಅಣ್ಣ. ಅಪ್ಪನ ಕೊಡಲಿಯನ್ನು ಪಾಲಿಗೆ ಹಾಕುದು ಬೇಡ, ನಿನಗೇ ಇರಲಿ ಅಂತ ಅಟ್ಟದಲ್ಲಿ ಇಟ್ಟದ್ದು ನಾನೇ. ಹೇಳ್ಲಿಕ್ಕೆ ಬಂದಿದ್ದೆ. ನೀನು ಬಾಗಿಲು ಹಾಕಿದೆ."

ಭಾವ ತಮ್ಮನ ಹೆಗಲಿಗೆ ಹಣೆಯಿಟ್ಟು ಅತ್ತುಬಿಟ್ಟರು. ಅಷ್ಟು ದಿನ ಅವರನ್ನು ನೋಡಿ ನಕ್ಕ ನಾನು ಆ ಕಡೆ ತಿರುಗಿ ಉಳಿದ ಸೌದೆ ಪೇರಿಸತೊಡಗಿದೆ. ಒಂಬತ್ತು ವರ್ಷ ಕಳ್ಳನೆನಿಸಿಕೊಂಡವನೇ ಅಣ್ಣನ ಬೆನ್ನು ಸವರುತ್ತ, "ಸಾಕು, ಸಾಕು. ಕಾಲು ತೊಳೆದು ಒಳಗೆ ಬಾ" ಎನ್ನುತ್ತಿದ್ದ.