ಚೊಂಬಿನಲ್ಲಿ ಕಡೂರಿಗೆ ಹೋದ ಹಲ್ಲು

ಬೆಳಗಿನ ಎಂಟು ಗಂಟೆಗೆ ಸಿಂಗಟಗೆರೆಯ ದೊಡ್ಡಬೀರಪ್ಪ ಆರು ವರ್ಷದ ಮೊಮ್ಮಗಳು ಮಾಯಾಳ ಬಾಯಿ ತೆರೆಸಿ, ತೋಟದ ತೆಂಗಿನಮರ ಎಣಿಸುವ ಗತ್ತಿನಲ್ಲಿ, ಒಂದೊಂದೇ ಹಲ್ಲು ಮುಟ್ಟಿ ಎಣಿಸುತ್ತಿದ್ದ. ಸೊಸೆ ಭುವನಾ ತರಬೇತಿಗೆಂದು ತರೀಕೆರೆಗೆ ಹೋಗಿ ಎರಡು ದಿನವಾಗಿತ್ತು. "ಮಾವ, ಮಗೂ ಹಲ್ಲು ಜೋಪಾನ" ಎಂದು ಹೇಳಿಹೋಗಿದ್ದಳು.

"ನೀ ಬರೋ ಹೊತ್ಗೆ ಒಂದ್ ಹಲ್ಲೂ ಅಲ್ಲಾಡಿರಲ್ಲ, ಹೋಗ್ಬಾರವ್ವ!" ಎಂದು ಇವನು ಎದೆ ತಟ್ಟಿಕೊಂಡಿದ್ದ.

ಹದಿನೈದು ಎನ್ನುವಷ್ಟರಲ್ಲಿ ಕೆಳಗಿನ ಮುಂದಿನ ಹಲ್ಲು ಅವನ ಬೆರಳಿಗೇ ಬಂದುಬಿಟ್ಟಿತು!

ದೊಡ್ಡಬೀರಪ್ಪ ಬೆವೆತುಹೋದ. ಹೋದ ತಿಂಗಳು ಶಾಲೆಯ ಶಿಬಿರದಲ್ಲಿ ದಂತವೈದ್ಯರು ಹೇಳಿದ್ದರಲ್ಲಿ ಅರ್ಧ ನೆನಪಿತ್ತು: ಹಲ್ಲು ಬಿದ್ದರೆ ಹಾಲಿನಲ್ಲಿ ಹಾಕಿ, ಗಂಟೆಯೊಳಗೆ ತನ್ನಿ.

"ಶಂಕರಮ್ಮಾ, ಹಾಲು! ಬೇಗ!"

"ಈಗಿನ್ನೂ ಕಾಫಿ ಕುಡುದ್ರಲ್ರೀ?" ಎಂದಳು ಹೆಂಡತಿ.

"ಹಲ್ಲಿಗೆ ಕಣೇ!"

"ತಲೆ ಕೆಟ್ಟೈತಾ? ಸಗಣಿ ಉಂಡೇಲಿಟ್ಟು ಮಾಡಿನ ಮೇಲೆ ಎಸೀರಿ, ಬೇರೆ ಬತ್ತೈತೆ."

"ಅದೆಲ್ಲ ನಿಮ್ಮಜ್ಜಿ ಕಾಲ್ದಾಗೆ. ನಾನು ಭುವನಾಗೆ ಮಾತು ಕೊಟ್ಟೀನಿ."

ಕಡೂರಿನ ಬಸ್ಸಿನಲ್ಲಿ ಒಂದು ಕೈಗೆ ಚೊಂಬು, ಇನ್ನೊಂದು ಕೈಗೆ ಮಾಯಾ. ರಸ್ತೆಯ ಪ್ರತಿ ಉಬ್ಬಿಗೂ ಅರ್ಧ ಲೋಟ ಹಾಲು ಪಂಚೆಗೆ ಅಭಿಷೇಕ! ಇಳಿದಾಗ ಚೊಂಬಿನ ತಳದಲ್ಲಿ ಹಲ್ಲೊಂದೇ ಉಳಿದಿತ್ತು. ಎದುರಿನ ಟೀ ಅಂಗಡಿಗೆ ನುಗ್ಗಿದ.

"ಹಾಲು ಹಾಕಪ್ಪಾ, ಒಣಗ್ತಾ ಐತೆ!"

"ಸಕ್ಕರೆ?"

"ಹಲ್ಲಿಗೆ ಯಾರಾದ್ರೂ ಸಕ್ಕರೆ ಹಾಕ್ತಾರೇನಯ್ಯಾ!"

ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರತಿಮಾ ಚೊಂಬಿನೊಳಗೆ ನೋಡಿದರು, ಒದ್ದೆ ಪಂಚೆ ನೋಡಿದರು, ನಗು ತಡೆದುಕೊಂಡರು.

"ಅಜ್ಜಾ, ಪೆಟ್ಟು ಬಿದ್ದು ದೊಡ್ಡ ಹಲ್ಲು ಕಳಚಿದ್ರೆ ಹೀಗೆ ಓಡಿ ಬರಬೇಕು. ಇದು ಹಾಲುಹಲ್ಲು, ಬೀಳೋ ಕಾಲಕ್ಕೆ ಬಿದ್ದಿದೆ. ಹೊಸದು ಆಗಲೇ ಇಣುಕ್ತಿದೆ."

ಮಾತು ಉಳಿಯಿತೆಂದು ದೊಡ್ಡಬೀರಪ್ಪ ಉಸಿರು ಬಿಟ್ಟ. ಅಷ್ಟರಲ್ಲಿ ಡಾಕ್ಟರ ಟಾರ್ಚು ಒಳದವಡೆಯಲ್ಲಿ ನಿಂತಿತು.

"ಇಲ್ಲೊಂದು ಹುಳುಕಿದೆ. ರಾತ್ರಿ ಹಲ್ಲುಜ್ಜಿದ ಮೇಲೆ ಏನಾದ್ರೂ ತಿಂತೀಯಾ ಪುಟ್ಟಿ?"

ಮಾಯಾ ತುಟಿ ಬಿಗಿಹಿಡಿದಳು. ಅಜ್ಜನ ಮುಖ ನೋಡಿದಳು. ಜೋರಾಗಿ ತಲೆಯಾಡಿಸಿದಳು.

"ಇಲ್ಲ. ನಮ್ಮಜ್ಜ ಏನೂ ಕೊಡಲ್ಲ!"

ಅಜ್ಜನ ಹೆಸರನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ದೊಡ್ಡಬೀರಪ್ಪ ಮಗುವಿನ ತಲೆಯ ಮೇಲೆ ಕೈಯಿಟ್ಟು ಡಾಕ್ಟರ ಕಡೆ ತಿರುಗಿದ.

"ನಾನೇ ಕಣವ್ವ. ಕತೆ ಹೇಳ್ವಾಗ ಒಂದ್ ಚೂರು ಬೆಲ್ಲ."

"ದಿನಾನಾ?"

"ದಿನಾ. ಕತೆ ಉದ್ದ ಆದ್ರೆ ಎರಡು."

ಹೊರಗೆ ಬಂದಾಗ ಮಾಯಾ ಅವನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದಳು: "ಅಮ್ಮಂಗೆ ನಾನು ಹೇಳಲ್ಲ ಕಣಜ್ಜ."

"ಬ್ಯಾಡ ಬಿಡವ್ವ. ನಾನೇ ಹೇಳ್ತೀನಿ."

ಹಲ್ಲು ತುಂಬಿಸಲು ಮಂಗಳವಾರ ಹತ್ತು ಗಂಟೆಗೆ ಬರಬೇಕಿತ್ತು. ಭುವನಾ ಇವತ್ತಿನ ಸಂಜೆಯ ಬಸ್ಸಿಗೇ ಬರುವವಳಿದ್ದಳು.