ಕೆರೆಯೊಳಗಿನ ಆರೋಗ್ಯ ಕೇಂದ್ರ

ಹಲಸೂರಿನ ನಮ್ಮ ಆರೋಗ್ಯ ಕೇಂದ್ರಕ್ಕೆ ಹತ್ತಿ, ಬ್ಯಾಂಡೇಜು ಬರುವುದು ತಡವಾಗಬಹುದು, ಹೊಸ ಆ್ಯಪ್ ಬರುವುದು ಮಾತ್ರ ಒಂದು ದಿನವೂ ತಡವಾಗಿಲ್ಲ. ಇಪ್ಪತ್ತಾರು ವರ್ಷದಿಂದ ನರ್ಸ್ ಆಗಿದ್ದೇನೆ. ಮೊದಲೆಲ್ಲ ರೋಗಿಗಳು ನನ್ನ ತಲೆ ತಿನ್ನುತ್ತಿದ್ದರು, ಈಗ ಆ ಕೆಲಸವನ್ನು ಟ್ಯಾಬ್ ವಹಿಸಿಕೊಂಡಿದೆ. ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ, ನನಗೆ ಮಾತ್ರ ಈಗಲೂ ಮೈ ಉರಿಯುತ್ತದೆ.

ಹಾಜರಿ

ಟ್ಯಾಬ್ ಕೊಟ್ಟವರು ಒಂದು ನಿಯಮವನ್ನೂ ಕೊಟ್ಟರು. ಬೆಳಿಗ್ಗೆ ಎಂಟೂಕಾಲರಿಂದ ಎಂಟೂಮುಕ್ಕಾಲರೊಳಗೆ ಕೇಂದ್ರದಲ್ಲಿ ನಿಂತು ಬೆರಳು ಒತ್ತಬೇಕು. ಐವತ್ತು ಮೀಟರ್ ಆಚೆ ನಿಂತರೆ ಗೈರುಹಾಜರಿ. ಸರಿ, ಮೊದಲ ದಿನ ಕೇಂದ್ರದ ಬಾಗಿಲಲ್ಲೇ ನಿಂತು ಒತ್ತಿದೆ. 'ನೀವು ಕೇಂದ್ರದಲ್ಲಿಲ್ಲ' ಎಂದಿತು. ನಕ್ಷೆ ತೆರೆದು ನೋಡಿದರೆ ನಮ್ಮ ಕೇಂದ್ರದ ಕೆಂಪು ಗುರುತು ಹಲಸೂರು ಕೆರೆಯ ನೀರಿನಲ್ಲಿತ್ತು. ಯಾವ ಪುಣ್ಯಾತ್ಮ ಕೂತಲ್ಲೇ ಗುರುತು ಹಾಕಿದ್ದನೋ ಗೊತ್ತಿಲ್ಲ.

ಅಂದಿನಿಂದ ನಾನು, ಆಯಾ ಮತ್ತು ಫಾರ್ಮಸಿಸ್ಟ್ ದಿನಾ ಬೆಳಿಗ್ಗೆ ಕೆರೆ ದಂಡೆಗೆ ಹೋಗಿ, ಕಂಬಿಯಾಚೆ ಕೈಚಾಚಿ ಟ್ಯಾಬ್ ಹಿಡಿದು ಹಾಜರಿ ಹಾಕತೊಡಗಿದೆವು. ವಾಕಿಂಗ್ ಬಂದವರು ನಿಂತು, "ಯಾರಾದ್ರೂ ಬಿದ್ರೇನ್ರೀ?" ಎಂದು ಇಣುಕುತ್ತಿದ್ದರು. ಒಮ್ಮೆ ಕೆರೆ ಪಕ್ಕದ ಮಿಲಿಟರಿ ಕ್ಯಾಂಪಿನ ಒಬ್ಬ ಜವಾನ ಬಂದು, ಯಾವುದರ ಫೋಟೋ ತೆಗೀತಿದ್ದೀರಿ ಎಂದು ವಿಚಾರಿಸಿದ. ಹಾಜರಿ ಎಂದೆ. ಅವನು ನಂಬಲಿಲ್ಲ.

ನನ್ನ ಸಿಟ್ಟು ನಗೆಪಾಟಲಾದುದಕ್ಕಲ್ಲ. ಆಗ ಯಾದಗಿರಿ ಕಡೆಯ ಒಬ್ಬ ಬಸುರಿಯ ಮೇಲೆ ನಾನು ಕಣ್ಣಿಟ್ಟಿದ್ದೆ. ನಮ್ಮ ಹಿಂದಿನ ಗಲ್ಲಿಯ ಬಾಡಿಗೆ ರೂಮಿನವಳು, ಆರು ತಿಂಗಳು ತುಂಬಿತ್ತು. ಮೊದಲ ಸಲ ಬಿಪಿ ಏರಿ ಮಗು ಉಳಿದಿರಲಿಲ್ಲ. ಈ ಸಲವೂ ಬಿಪಿ ಏರುತ್ತಿತ್ತು. ಅವಳು ಎಂಟೂವರೆಗೆ ಇಂದಿರಾನಗರದ ಕಟ್ಟಡದ ಕೆಲಸಕ್ಕೆ ಹೊರಡುತ್ತಿದ್ದಳು, ಗೋಡೆಗೆ ನೀರು ಹೊಡೆಯುವ ಕೆಲಸ. ಆ ಹೊತ್ತಿಗೆ ಅವಳ ತೋಳಿಗೆ ಪಟ್ಟಿ ಕಟ್ಟಬೇಕಾದ ನಾನು ಕೆರೆಗೆ ಟ್ಯಾಬ್ ತೋರಿಸುತ್ತ ನಿಂತಿರುತ್ತಿದ್ದೆ. ಕೊನೆಗೆ ಏಳೂವರೆಗೇ ಅವಳ ರೂಮಿಗೆ ಹೋಗಿ ಬಿಪಿ ನೋಡಿ, ಆಮೇಲೆ ಕೆರೆಗೆ ಓಡುವುದನ್ನು ರೂಢಿ ಮಾಡಿಕೊಂಡೆ.

ದೂರು ಬರೆದೆವು. ತಿಂಗಳಾದ ಮೇಲೆ ಉತ್ತರ ಬಂತು: 'ಸ್ಥಳವನ್ನು ಪರಿಶೀಲಿಸಲಾಗಿದೆ, ಸರಿಯಾಗಿದೆ.' ಫಾರ್ಮಸಿಸ್ಟ್ ಓದಿ ತಣ್ಣಗೆ ಹೇಳಿದರು, "ಹಾಗಾದ್ರೆ ಒಂದು ದೋಣಿ ಕೇಳೋಣ ಸಿಸ್ಟರ್. ಒಳಗೇ ಹೋಗಿ ಡ್ಯೂಟಿ ಮಾಡಬಹುದು."

ಸಂಬಂಧ

ಬಸುರಿಯರನ್ನೆಲ್ಲ ಆ್ಯಪ್‌ಗೆ ಏರಿಸಬೇಕು ಎಂದು ಆದೇಶ ಬಂತು. ಹೆಸರು, ವಯಸ್ಸು, ಊರು ಎಲ್ಲ ತುಂಬಿದ ಮೇಲೆ ಫೋನ್ ನಂಬರ್. ಆ ನಂಬರಿಗೆ ಒಂದು ಓಟಿಪಿ ಬರುತ್ತದೆ, ಎರಡು ನಿಮಿಷದಲ್ಲಿ ಹೇಳದಿದ್ದರೆ ಮತ್ತೆ ಮೊದಲಿನಿಂದ ಶುರು.

ಯಾದಗಿರಿಯವಳನ್ನು ಕೇಳಿದೆ, "ಫೋನ್ ನಂಬರ್ ಹೇಳಮ್ಮ."

"ಫೋನ್ ನಮ್ಮನ್ಯಾವ್ರ ಕಡಿ ಇರ್ತದ್ರಿ. ಅವ್ರು ವೈಟ್‌ಫೀಲ್ಡಿಗಿ ಹೋಗ್ಯಾರ. ನಂಬರ್ ನಂಗ ಗೊತ್ತಿಲ್ರಿ."

"ಮತ್ತೆ ಯಾರ ನಂಬರ್ ಗೊತ್ತು?"

"ಮೇಸ್ತ್ರಿದು ಗೊತ್ತದ್ರಿ."

ಮೇಸ್ತ್ರಿ ಎಂದರೆ ಆ ಗಲ್ಲಿಯ ಹೆಂಗಸರನ್ನೆಲ್ಲ ತನ್ನ ಲಗೇಜ್ ಆಟೋದಲ್ಲಿ ಕೆಲಸಕ್ಕೆ ಕರೆದೊಯ್ಯುವವನು. ಅವರ ಊರ ಕಡೆಯವನೇ, ಐವತ್ತು ದಾಟಿದೆ, ಮೀಸೆ ಭರ್ಜರಿ. ಯಾರಿಗೆ ಏನಾದರೂ ಅವನಿಗೇ ಫೋನ್ ಹೋಗುವುದರಿಂದ ಗಲ್ಲಿಯ ಹನ್ನೊಂದು ಬಸುರಿಯರಿಗೂ ಬಾಯಿಪಾಠವಿದ್ದುದು ಆ ಒಂದೇ ನಂಬರು. ನಾನು ಅದನ್ನೇ ಹಾಕಿದೆ, ಬೇರೆ ದಾರಿ ಇರಲಿಲ್ಲ. ಅವನು ಮೂರನೇ ಅಂತಸ್ತಿನ ಸಾರುವೆಯ ಮೇಲೆ ನಿಂತು ಫೋನಿನಲ್ಲೇ ಓಟಿಪಿ ಓದಿ ಓದಿ ಹೇಳಿದ. ಹನ್ನೊಂದನೆಯದಕ್ಕೆ, "ಇನ್ನಾ ಎಷ್ಟ್ ಮಂದಿ ಅದಾರ್ರಿ ಸಿಸ್ಟರ್ರ, ಕೈಯಾಗಿನ ಸಿಮೆಂಟ್ ಗಟ್ಟಿ ಆಗ್ಲಿಕ್ಹತ್ಯಾದ" ಎಂದ.

ಕೊನೆಯಲ್ಲಿ ಆ್ಯಪ್ ಇನ್ನೊಂದು ಪ್ರಶ್ನೆ ಕೇಳಿತು: ಫೋನಿನವರಿಗೂ ಗರ್ಭಿಣಿಗೂ ಏನು ಸಂಬಂಧ? ಆಯ್ಕೆ ನಾಲ್ಕೇ: ಗಂಡ, ತಂದೆ, ಅಣ್ಣತಮ್ಮ, ಸ್ವತಃ. ಮೇಸ್ತ್ರಿ ಎನ್ನುವ ಸಂಬಂಧ ಅದನ್ನು ಮಾಡಿದವರಿಗೆ ಗೊತ್ತೇ ಇಲ್ಲ. 'ಗಂಡ' ಎಂದು ಹನ್ನೊಂದು ಸಲ ಒತ್ತಿದರೆ ಅವನನ್ನು ಹುಡುಕಿಕೊಂಡು ಪೊಲೀಸರು ಬರುತ್ತಾರೆ. ಯಾರಿಗೂ ತೊಂದರೆಯಾಗದಿರಲಿ ಎಂದು 'ಸ್ವತಃ' ಎಂದು ಒತ್ತಿದೆ.

ತಜ್ಞರ ದರ್ಶನ

ಯಾದಗಿರಿಯವಳಿಗೆ ಏಳು ತಿಂಗಳಾದಾಗ ಬಿಪಿ ನೂರೈವತ್ತು ದಾಟಿತು. ನಮ್ಮ ಡಾಕ್ಟರಮ್ಮ, ದೊಡ್ಡಾಸ್ಪತ್ರೆಯ ತಜ್ಞರಿಗೆ ತೋರಿಸೋಣ ಎಂದರು. ನೇರ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಆದ್ದರಿಂದ ವಿಡಿಯೋದಲ್ಲೇ ಆಗಲಿ ಎಂದು ಹೊಸದಾಗಿ ಬಂದಿದ್ದ ಪರದೆಯ ಮುಂದೆ ಅವಳನ್ನು ಕೂರಿಸಿದೆವು. ಶಿವಾಜಿನಗರದ ಒಬ್ಬ ಮುದುಕಿ ಬೀಬಿ ಮಂಡಿನೋವಿಗೆ ತನ್ನ ಸರದಿ ಕಾಯುತ್ತ ಹಿಂದೆ ಕೂತಿದ್ದಳು.

ತಜ್ಞರು ಪರದೆಯ ಮೇಲೆ ಚೆನ್ನಾಗಿಯೇ ಕಂಡರು. ಅವರ ಬಾಯಿ ಆಡುತ್ತಿತ್ತು, ದನಿ ಮಾತ್ರ ಇಲ್ಲ. ನಮ್ಮ ದನಿ ಅವರಿಗೂ ಕೇಳುತ್ತಿರಲಿಲ್ಲ. ನಾನು ಕಿವಿ ಮುಟ್ಟಿ ಕೈ ಅಲ್ಲಾಡಿಸಿದೆ, ಅವರೂ ಹಾಗೇ ಮಾಡಿದರು. ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ, "ವಿಡಿಯೋ ಬರ್ತಿದೆ ಅಂದ್ರೆ ನಮ್ ಕಡೆಯಿಂದ ಪ್ರಾಬ್ಲಮ್ ಇಲ್ಲ ಮೇಡಂ" ಎಂಬ ಉತ್ತರ.

ಕೊನೆಗೆ ತಜ್ಞರೇ ಒಂದು ಹಾಳೆಯ ಮೇಲೆ 'ಬಿಪಿ ಎಷ್ಟು?' ಎಂದು ಬರೆದು ಹಿಡಿದರು. ನಮ್ಮಲ್ಲಿ ದೊಡ್ಡ ಹಾಳೆ ಇರಲಿಲ್ಲ. ಗೋಡೆಯ ಮೇಲಿದ್ದ 'ಕಾಗದರಹಿತ ಆರೋಗ್ಯ ಸೇವೆ' ಎಂಬ ಪೋಸ್ಟರ್ ಕಿತ್ತು, ಅದರ ಹಿಂದೆ ಮಾರ್ಕರಿನಲ್ಲಿ ಉತ್ತರ ಬರೆದು ಎತ್ತಿ ತೋರಿಸಿದೆ. ಅವರು ಮತ್ತೆ ಬರೆದರು, ನಾನು ಮತ್ತೆ ಬರೆದೆ. ಅರ್ಧ ಗಂಟೆ ಹೀಗೇ ನಡೆಯಿತು. ಮಾತ್ರೆ ದಿನಕ್ಕೆ ಎರಡು, ಮೂರು ದಿನಕ್ಕೊಮ್ಮೆ ಬಿಪಿ, ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯದೆ ಕಳಿಸಿ ಎಂದು ಕೊನೆಯ ಹಾಳೆಯಲ್ಲಿ ಇತ್ತು. ಅದನ್ನು ಅವಳಿಗೆ ಮೂರು ಸಲ ಹೇಳಿದೆ.

ಎಲ್ಲವನ್ನೂ ನೋಡುತ್ತಿದ್ದ ಬೀಬಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಇತ್ತಾ ಲಿಖ್ನಾ ಹೈ ತೋ ಖತ್ ಡಾಲ್ ದೇನಾ ಥಾ ನಾ ಸಿಸ್ಟರ್," ಎಂದಳು. ಇಷ್ಟು ಬರೆಯೋದಿದ್ದರೆ ಕಾಗದ ಹಾಕಬಹುದಿತ್ತಲ್ಲ ಎಂದು. ತನ್ನ ಮಂಡಿಯ ವಿಷಯ ಬರೆಯಲು ಪೋಸ್ಟರಿನಲ್ಲಿ ಜಾಗ ಉಳಿದಿಲ್ಲ ಎಂದು ಹೇಳಿ ಹೊರಟೇ ಹೋದಳು.

ಎಡಮಗ್ಗುಲು

ಒಂದು ಬೆಳಿಗ್ಗೆ ಮೇಸ್ತ್ರಿ ಕೇಂದ್ರಕ್ಕೆ ಬಂದು ಫೋನನ್ನು ನನ್ನ ಮೇಜಿನ ಮೇಲಿಟ್ಟ.

"ಸಿಸ್ಟರ್ರ, ಇದನ್ನ ನೀವೇ ಇಟ್ಕೋರಿ. ನಸುಕಿನ್ಯಾಗ ಒಂದು ಮೆಸೇಜ್, 'ನಿಮ್ಮ ಮಗು ಈಗ ನಿಂಬೆಹಣ್ಣಿನ ಗಾತ್ರ' ಅಂತದ. ಹಲ್ ತಿಕ್ಕೂದ್ರಾಗ ಇನ್ನೊಂದು, 'ನಿಮ್ಮ ಮಗು ಈಗ ಕುಂಬಳಕಾಯಿ'. ಆಮ್ಯಾಲ ಒಬ್ಬಾಕಿ ಫೋನ್ ಮಾಡಿ ಕಬ್ಬಿಣದ ಮಾತ್ರೆ ತಗೊಂಡಿದ್ರ ಒಂದು ಒತ್ರಿ ಅಂತಾಳ. ಒತ್ತಲಿಲ್ಲಂದ್ರ ಬಿಡಂಗಿಲ್ಲ."

"ನೀವೇನ್ ಮಾಡ್ತೀರಿ?"

"ಒಂದು ಒತ್ತತೀನ್ರಿ. ದಿನಾ ಹನ್ನೊಂದ್ ಸಲ."

ನನಗೆ ರೇಗಿಹೋಯಿತು. ಮೇಲಧಿಕಾರಿಗಳ ಪಟ್ಟಿಯಲ್ಲಿ ಹನ್ನೊಂದು ಹೆಂಗಸರೂ ತಪ್ಪದೆ ಮಾತ್ರೆ ನುಂಗುತ್ತಿದ್ದಾರೆ, ಇಲ್ಲಿ ನೋಡಿದರೆ ಈ ಮೀಸೆ ಮಾವನ ಹೆಬ್ಬೆರಳು. "ಒತ್ತೋದಿದ್ರೆ ಅವರಿಗೆ ನುಂಗಿಸಿ ಒತ್ತಿ. ಮೆಸೇಜ್ ಬಂದ್ರೆ ಅವರಿಗೆ ಓದಿ ಹೇಳಿ. ಅದರಲ್ಲೊಬ್ಬಳ ಜೀವದ ಪ್ರಶ್ನೆ ಇದೆ," ಎಂದು ಗದರಿದೆ.

ಅವನು ಫೋನನ್ನು ಮತ್ತೆ ಜೇಬಿಗಿಟ್ಟುಕೊಂಡು ಹೋದ. ಮರುದಿನದಿಂದ ಆಟೋ ಹತ್ತುವ ಮುಂಚೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಉಂಡೀರೇನು ಎಂದು ಕೇಳಿ, ಕಣ್ಣೆದುರೇ ಮಾತ್ರೆ ನುಂಗಿಸಿ, ಆಮೇಲೆ ಆ ದಿನದ ಮೆಸೇಜುಗಳನ್ನು ಗಟ್ಟಿಯಾಗಿ ಓದತೊಡಗಿದ. ಯಾದಗಿರಿಯವಳ ಬಿಪಿ ಮಾತ್ರೆಯೂ ಅದರಲ್ಲೇ ಸೇರಿತು. ನಮ್ಮ ಇಲಾಖೆ ಕೋಟ್ಯಂತರ ಸುರಿದು ಮಾಡದ ಕೆಲಸ ಒಂದು ಲಗೇಜ್ ಆಟೋದ ಪಕ್ಕ ನಡೆಯುತ್ತಿತ್ತು.

ತಿಂಗಳು ಬಿಟ್ಟು ಹೇಗಿದ್ದೀರಿ ಎಂದು ಕೇಳಿದೆ. "ಛಲೋ ಆಗ್ಯಾದ್ರಿ," ಎಂದ. "ಮೆಸೇಜಿನ್ಯಾಗ ಎಡಮಗ್ಗಲಾಗಿ ಮಲಗ್ರಿ ಅಂತಾರಲ್ರಿ, ನಾನೂ ಹಂಗಽ ಮಲಗ್ಲಿಕ್ಹತ್ತೀನಿ. ಬೆನ್ನುನೋವು ಹೋಗ್ಯಾದ."

ಸ್ವಚ್ಛತೆ

ಒಂದು ಸೋಮವಾರ ಟ್ಯಾಬ್ ತೆರೆದರೆ ನನ್ನ ಹನ್ನೊಂದು ಬಸುರಿಯರೂ ಮಾಯ. ಬಿಪಿ ಹೆಚ್ಚಿರುವವರ ಕೆಂಪು ಪಟ್ಟಿಯಲ್ಲಿ ಯಾದಗಿರಿಯವಳೂ ಇಲ್ಲ. ಅವರ ಜಾಗದಲ್ಲಿ ಒಂದೇ ಹೆಸರು: ಮೇಸ್ತ್ರಿಯದು. ಒಂದೇ ನಂಬರಿನ ದಾಖಲೆಗಳನ್ನೆಲ್ಲ ಆ್ಯಪ್ ತಾನೇ ಸೇರಿಸಿ ಫೋನಿನ ಒಡೆಯನ ಹೆಸರಿಗೆ ಬರೆದುಬಿಟ್ಟಿತ್ತು.

ಹೆಲ್ಪ್‌ಲೈನಿನ ಹುಡುಗಿ ಖುಷಿಯಿಂದ ಹೇಳಿದಳು, "ಡುಪ್ಲಿಕೇಟ್ ಎಲ್ಲಾ ಹೋಗಿದೆ ಮೇಡಂ. ನಿಮ್ ಡೇಟಾ ಈಗ ತುಂಬಾ ಕ್ಲೀನ್."

"ಕ್ಲೀನ್ ಆಗಿರೋದು ನನ್ನ ಕೇಂದ್ರದ ಬಸುರಿಯರಮ್ಮ. ಇಲ್ಲಿ ಐವತ್ತೆರಡು ವರ್ಷದ ಗಂಡಸು ಬಸುರಿ ಅಂತ ತೋರಿಸ್ತಿದೆ."

ಆ ಕಡೆಯಿಂದ ಕೀಲಿ ಒತ್ತುವ ಸದ್ದು ಕೇಳಿತು. "ಐವತ್ತೆರಡಾ ಮೇಡಂ? ಹಾಗಾದ್ರೆ ಹೈ ರಿಸ್ಕ್ ಅಂತ ಟಿಕ್ ಮಾಡಿ."

ಗಂಡಸರಿಗೆ ಬೆಡ್ ಇಲ್ಲ

ಅದೇ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಲಗೇಜ್ ಆಟೋ ನಮ್ಮ ಬಾಗಿಲಿಗೆ ಬಂದು ನಿಂತಿತು. ಹಿಂದೆ ಸಿಮೆಂಟ್ ಚೀಲಗಳ ಮೇಲೆ ಯಾದಗಿರಿಯವಳನ್ನು ಮಲಗಿಸಿದ್ದರು, ಎಡಮಗ್ಗುಲಿಗೆ. ಮೇಸ್ತ್ರಿ ಆಟೋದಿಂದ ಹಾರಿ ಇಳಿದ.

"ತಲಿ ಸಿಡೀಲಿಕ್ಹತ್ಯಾದ, ಕಣ್ಣು ಮಂಜು ಅಂದ್ಳ್ರಿ. ಹಂಗಾದ್ರ ತಡ ಮಾಡಬ್ಯಾಡ್ರಿ ಅಂತ ಮೆಸೇಜಿನ್ಯಾಗ ಬಂದಿತ್ತು. ಕೆಲ್ಸ ಬಿಟ್ಟು ಬಂದೀನಿ."

ಬಿಪಿ ನೂರೆಂಬತ್ತು. ಡಾಕ್ಟರಮ್ಮ ಇಂಜೆಕ್ಷನ್ ಕೊಡಿಸಿದರು, ಆಂಬುಲೆನ್ಸ್ ಬಂತು. ಆ್ಯಪ್ ಮೂಲಕವೇ ಕಳಿಸಬೇಕೆಂಬ ನಿಯಮಕ್ಕೆ, ಅಲ್ಲಿ ಉಳಿದಿದ್ದ ಮೇಸ್ತ್ರಿಯ ಹೆಸರಿನ ಮೇಲೇ ಒಂದು ಒತ್ತು ಒತ್ತಿ, ಅದನ್ನು ನಂಬದೆ ಕೈಯಲ್ಲೂ ಒಂದು ಚೀಟಿ ಬರೆದು ಅವಳ ಸೆರಗಿಗೆ ಪಿನ್ ಹಾಕಿದೆ. ಆಂಬುಲೆನ್ಸ್ ತಿರುವು ದಾಟುವ ಮೊದಲೇ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ಸಿಸ್ಟರ್ ಫೋನು: "ಏನ್ ಸಿಸ್ಟರ್, ಗಂಡಸರನ್ನ ಕಳಿಸ್ತಿದ್ದೀರಂತೆ? ನಮ್ಮಲ್ಲಿ ಗಂಡಸರಿಗೆ ಬೆಡ್ ಇಲ್ಲ."

"ಪರದೆ ನೋಡಬೇಡಿ ತಾಯಿ, ಬಾಗಿಲು ನೋಡಿ," ಎಂದು ಕೂಗಿದೆ. ಪುಣ್ಯಕ್ಕೆ ಆಕೆ ಬಾಗಿಲು ನೋಡಿದರು.

ಸಂಜೆಗೆ ಹೆಣ್ಣುಮಗು ಹುಟ್ಟಿತು. ಸಣ್ಣದು, ಆದರೆ ಗಟ್ಟಿಯಾಗಿ ಅಳುತ್ತಿತ್ತಂತೆ. ತಾಯಿಯೂ ಉಳಿದಳು. ಸುದ್ದಿ ಕೇಳಿ ಲಸಿಕೆಯ ಫ್ರಿಜ್ ಹಿಂದೆ ನಿಂತು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಮೇಸ್ತ್ರಿಯ ಫೋನಿಗೂ ಅಷ್ಟು ಹೊತ್ತಿಗೆ ಮೆಸೇಜ್ ಬಂದಿತ್ತು: 'ಅಭಿನಂದನೆಗಳು. ಇಂದು ಪೂರ್ಣ ವಿಶ್ರಾಂತಿ ಪಡೆಯಿರಿ.' ಅವನು ಪಡೆಯಲಿಲ್ಲ, ಅರ್ಧಕ್ಕೆ ಬಿಟ್ಟ ಗೋಡೆ ಮುಗಿಸಲು ಹೋದ.

ಆದರ್ಶ ತಾಯಿ

ಮರುತಿಂಗಳು ಕೆ.ಆರ್. ಪುರದಲ್ಲಿ ಒಂದು ಸಮಾರಂಭ. ಎಲ್ಲ ಮೆಸೇಜನ್ನೂ ತೆರೆದು ಓದಿ, ಎಲ್ಲ ಫೋನಿಗೂ ಉತ್ತರ ಕೊಟ್ಟ ಒಬ್ಬ ಗರ್ಭಿಣಿಗೆ 'ಆದರ್ಶ ತಾಯಿ' ಸನ್ಮಾನವಂತೆ. ಆಯ್ಕೆಯನ್ನು ಕಂಪ್ಯೂಟರೇ ಮಾಡಿತ್ತು, ಮನುಷ್ಯರು ಯಾರೂ ಕೈ ಹಾಕಿರಲಿಲ್ಲ ಎಂದು ಅಧಿಕಾರಿಗಳು ಹೆಮ್ಮೆಯಿಂದ ಹೇಳಿದರು. ಹೆಸರು ಕೂಗಿದರು. ಬಿಳಿ ಅಂಗಿ ತೊಟ್ಟು, ಮೀಸೆ ತೀಡಿಕೊಂಡ ಮೇಸ್ತ್ರಿ ವೇದಿಕೆ ಹತ್ತಿದ. ಕರೆ ಅವನ ಫೋನಿಗೇ ಬಂದಿತ್ತು, ಬಂದಿದ್ದ.

ಅಧಿಕಾರಿ ಅವನ ಬೆನ್ನ ಹಿಂದೆ ಇಣುಕಿದರು. "ತಾಯಿ ಎಲ್ಲಿ?"

"ರೂಮಿನ್ಯಾಗ ಬಾಣಂತಿ ಅದಾಳ್ರಿ ಸಾಹೇಬ್ರ. ಆಕಿ ಕಡಿ ಫೋನ್ ಇಲ್ಲ, ಹಂಗಾಗಿ ನಿಮ್ ಮಷಿನ್ನಿಗಿ ಆಕಿ ಕಾಣಂಗಿಲ್ಲ. ಫೋನ್ ನನ್ ಕಡಿ ಅದ, ನಾ ಕಾಣ್ತೀನಿ."

ಫೋಟೋದವನು ಕಾಯುತ್ತಿದ್ದ. ಅಧಿಕಾರಿ ಬೆವರೊರೆಸಿಕೊಂಡು ಅವನಿಗೇ ಶಾಲು ಹೊದಿಸಿ, ಬುಟ್ಟಿಯನ್ನು ಕೈಗಿತ್ತರು. ಒಳಗೆ ಒಂದು ಸೀರೆ, ಒಂದು ಸೊಳ್ಳೆಪರದೆ, ಕೂಸಿಗೆ ಒಂದು ಕುಲಾವಿ. ಮೇಸ್ತ್ರಿ ಇಳಿಯಲಿಲ್ಲ. ಅಲ್ಲೇ ನಿಂತು ಬುಟ್ಟಿಯೊಳಗೆ ಕೈಯಾಡಿಸಿ ನೋಡಿ, ಮೈಕಿನ ಹತ್ತಿರ ಬಂದ.

"ಕುಲಾವಿ ಒಂದಽ ಅದಲ್ರಿ ಸಾಹೇಬ್ರ. ನಿಮ್ ಕಂಪ್ಯೂಟರಿನ್ಯಾಗ ನೋಡ್ರಿ, ನನಗ ಇನ್ನಾ ಹತ್ತು ಹೆರಿಗಿ ಬಾಕಿ ಅದಾವು."