ಲ್ಯಾಬ್ ಮೇಡಂ ಅವರಿಗೆ, ಆರಿದ ಚಹಾದ ಕುರಿತು

ಉಷ್ಣ ಪ್ರಯೋಗಾಲಯದ ಏಕಚಕ್ರಾಧಿಪತಿಗಳೂ, ಸಕಲ ಥರ್ಮಾಮೀಟರುಗಳ ಪಾಲಕರೂ, ಸಿದ್ಧ ಉತ್ತರಗಳ ಕಡುವೈರಿಗಳೂ ಆದ ಮಾನ್ಯ ಮೇಡಂ ಅವರ ಸನ್ನಿಧಿಗೆ, ಕಿಟಕಿ ಪಕ್ಕದ ಮೇಜಿನ ತಂಡದಿಂದ ಸೊಂಟ ನೋಯುವಷ್ಟು ಬಾಗಿದ ನಮಸ್ಕಾರಗಳು.

ಮಾನ್ಯರೇ, ತಾವು ಬರುವ ಮೊದಲು ನಾವು ಸುಖವಾಗಿದ್ದೆವು. ಸೀನಿಯರ್ ಅಣ್ಣಂದಿರ ರೆಕಾರ್ಡ್ ನೋಡಿ ಗ್ರಾಫಿನಲ್ಲಿ ಮೊದಲು ಗೆರೆ ಎಳೆದು, ಆಮೇಲೆ ಅದರ ಮೇಲೆ ಚುಕ್ಕಿಗಳನ್ನು ಕೂರಿಸುತ್ತಿದ್ದೆವು. ನೋಡಿದವರಿಗೆ ಸಂಶಯ ಬರಬಾರದೆಂದು ಒಂದು ಚುಕ್ಕಿಯನ್ನು ಬೇಕೆಂದೇ ಆಚೆ ಇಡುವಷ್ಟು ಪ್ರಾಮಾಣಿಕತೆಯೂ ನಮ್ಮಲ್ಲಿತ್ತು. ಅಂಥ ನೆಮ್ಮದಿಯ ಸಂಸಾರಕ್ಕೆ ಕಾಲಿಟ್ಟ ತಾವು ಕೈಪಿಡಿಗಳನ್ನೂ ಹಳೆಯ ರೆಕಾರ್ಡ್‌ಗಳನ್ನೂ ಬೀರುವಿಗೆ ತುಂಬಿ ಬೀಗ ಜಡಿದು, ಪ್ರಶ್ನೆಯೂ ನಿಮ್ಮದೇ, ಪ್ರಯೋಗವೂ ನಿಮ್ಮದೇ, ಮುಂದಿನ ಶುಕ್ರವಾರ ಹೊರಗಿನ ಪರೀಕ್ಷಕರಿಗೆ ಒಪ್ಪಿಸಲಾಗದಿದ್ದರೆ ಬರುವ ವರ್ಷ ಜೂನಿಯರ್‌ಗಳ ಜೊತೆ ಮತ್ತೆ ಇದೇ ಲ್ಯಾಬ್ ಎಂದು ನಗುನಗುತ್ತಲೇ ಅಪ್ಪಣೆ ಕೊಡಿಸಿದಿರಿ.

ನಮ್ಮ ಪ್ರಶ್ನೆ ಸಣ್ಣದು: ಚಹಾ ಊದಿದರೆ ಬೇಗ ಆರುತ್ತದೋ, ಕಲಕಿದರೋ? "ನಿನ್ನನ್ನ ಎಂಜಿನಿಯರಿಂಗಿಗೆ ಸೇರಿಸಿದ್ದು ಚಹಾ ಆರಿಸೋಕೇನೋ?" ಎಂದು ಅಮ್ಮ ಕೇಳಿದ ಅವಮಾನವನ್ನೂ ನುಂಗಿಕೊಂಡೆ. ಊದುವ ಹೊಣೆ ನನ್ನದು, ಕಲಕುವುದು ಗೆಳೆಯ ಡುಮ್ಮನದು. ಕಲಕಿದ ಚಹಾ ಕಣ್ಣೆದುರೇ ಆರಿಹೋಯಿತು, ನಾವು ಕುಣಿದೆವು. ತಾವು ಮಾತ್ರ ಲೋಟದೊಳಗೆ ಇಣುಕಿ, "ಉಳಿದರ್ಧ ಎಲ್ಲಪ್ಪಾ?" ಎಂದಿರಿ. ಸಕ್ಕರೆ ಸಾಕಾಗಿದೆಯೋ ಇಲ್ಲವೋ ಎಂದು ಡುಮ್ಮ ಪ್ರತಿ ಅಳತೆಯ ನಡುವೆ ಒಂದೊಂದು ಗುಟುಕು ಪರೀಕ್ಷಿಸಿದ್ದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆವು. ತಾವೋ, "ಚಹಾ ಕಮ್ಮಿಯಾದ್ರೆ ಬೇಗ ಆರುತ್ತೆ ಅಂತ ಗೊತ್ತಾಯ್ತಲ್ಲ, ಈಗ ಸರಿಯಾಗಿ ಮಾಡಿ" ಎಂದು ಬೆನ್ನು ತಟ್ಟಿ ಹೋದಿರಿ. ವಿದ್ಯಾರ್ಥಿಗಳ ಮೇಲೆ ಇಂಥ ಕ್ರೌರ್ಯವನ್ನು ಇಷ್ಟು ನಯವಾಗಿ ಎಸಗಬಲ್ಲ ತಮ್ಮ ಪ್ರತಿಭೆಗೆ ಸನ್ಮಾನ ಆಗಲೇಬೇಕು.

ಆದಕಾರಣ ತಾವು ದಯಮಾಡಿ ಆ ಬೀರುವಿನ ಬೀಗ ತೆಗೆಸಬೇಕು; ಅದಾಗದಿದ್ದರೆ ನಮ್ಮ ಪ್ರಯೋಗವನ್ನು ಹೋದ ವರ್ಷವೇ ಮಾಡಿ ಮುಗಿಸಿರುವ ಒಬ್ಬ ಸೀನಿಯರನ್ನು ರೆಕಾರ್ಡ್ ಸಮೇತ ಸೃಷ್ಟಿಸಿ ಕೊಡಬೇಕು; ಅದೂ ಆಗದಿದ್ದರೆ ನಾವು ಎಳೆದ ಗೆರೆಯ ಗೌರವ ಕಾಪಾಡುವಂತೆ ಚಹಾಕ್ಕೇ ತಾಕೀತು ಮಾಡಬೇಕು.

ಊದಿ ಊದಿ ಕೆನ್ನೆ ಸೋತ,
ತಮ್ಮ ವಿಶ್ವಾಸಿ

ತಾ.ಕ.: ಡುಮ್ಮನನ್ನು ಬಾಗಿಲಾಚೆ ನಿಲ್ಲಿಸಿ, ಊದುವುದು ಕಲಕುವುದು ಎರಡನ್ನೂ ಒಂದಾದ ಮೇಲೊಂದು ನಾನೇ ನಿನ್ನೆ ಮತ್ತೆ ಮಾಡಿದೆ. ಈ ಸಲ ಊದಿದ್ದೇ ಗೆದ್ದಿತು. ಯಾಕೆಂದು ತಿಳಿಯದೆ ಇಬ್ಬರಿಗೂ ಊಟ ಸೇರುತ್ತಿಲ್ಲ. ಇದಕ್ಕೆ ತಾವೇ ಹೊಣೆ. ಬೀರುವಿನ ಬೀಗದ ಕೈ ತಮ್ಮ ಬಳಿಯೇ ಇರಲಿ ಮೇಡಂ. ಭಾನುವಾರಕ್ಕೆ ಲ್ಯಾಬ್ ಬಾಗಿಲಿನದು ಕೊಡಿ.